ತಿಂದವರ ಕೊಂಕು

ತಾಯಪ್ಪ ಮೊದಲ ತುತ್ತು ಮುರಿಯುವ ಹೊತ್ತಿಗೆ ಸರಿಯಾಗಿ ಅವನ ಅಕ್ಕ ಗದಿಗೆಮ್ಮ ಆ ಮಾತು ಆಡಿದಳು. ಒಲೆಯ ಮುಂದೆ ಕೂತವಳು ತಿರುಗಿಯೂ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, "ಶ್ರಾವಣ ಹತ್ತಿದ ಕೂಡ್ಲೇ ನಾ ಊರಿಗೆ ಹೋಗ್ತೀನಿ. ಮೈದುನಗ ಫೋನ್ ಮಾಡಿ ಹೇಳೀನಿ," ಎಂದಳು.

ಪುಂಡಿಪಲ್ಯ ಹಚ್ಚಿದ ರೊಟ್ಟಿ ತಾಯಪ್ಪನ ಕೈಯಲ್ಲೇ ಉಳಿಯಿತು. ಪಂಚಮಿ ಹಬ್ಬಕ್ಕೇನು, ಹೋಗಿ ಬಾ, ಬಸ್ಸಿಗೆ ನಾನೇ ಹತ್ತಿಸುತ್ತೇನೆ ಎಂದ.

"ಹಬ್ಬಕ್ಕಲ್ಲೋ. ಅಲ್ಲೇ ಇರಾಕ."

ಅಷ್ಟು ಹೇಳಿ ಅವಳು ಇನ್ನೊಂದು ಉಂಡಿ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದಳು. ಯಾಕೆ ಎಂದು ಕೇಳಿದರೆ ಕೈ ಬರವಲ್ವು, ವಯಸ್ಸಾಯಿತು ಎಂದಳು. ಆ ಕೈಗಳೋ, ಮಾತಾಡುತ್ತಿರುವಾಗಲೇ ರೊಟ್ಟಿಯನ್ನು ಗರಗರ ತಿರುಗಿಸಿ ತಟ್ಟೆಯಗಲ ಮಾಡಿ ಹಂಚಿಗೆ ಎಸೆದಿದ್ದವು. ಯಾರೂ ನಂಬಲಿಲ್ಲ.

ಸಿಕಂದರಾಬಾದಿನಾಚೆ, ಉಪ್ಪಲ್‌ನ ಮೆಟ್ರೋ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರದು ಎರಡು ಕೋಣೆ, ಒಂದು ಪಡಸಾಲೆಯ ಬಾಡಿಗೆ ಮನೆ. ತಾಯಪ್ಪ ಶಹಾಪುರದ ಕಡೆಯಿಂದ ಹೆಂಡತಿ ಗುರುದೇವಿಯನ್ನು ಕಟ್ಟಿಕೊಂಡು ಕೂಲಿಗೆ ಬಂದವನು. ಮೆಟ್ರೋ ಕಂಬಗಳಿಗೆ ಕಾಂಕ್ರೀಟು ಹಾಕಿದವರಲ್ಲಿ ಅವನೂ ಒಬ್ಬ. ಈಗ ಮನೆಗಳಿಗೆ ಟೈಲ್ಸ್ ಕೂರಿಸುತ್ತಾನೆ. ಗಂಡ ಶಾಂತಪ್ಪ ತೀರಿಹೋದ ವರ್ಷ ಗದಿಗೆಮ್ಮನೂ ತಮ್ಮನ ಬೆನ್ನಿಗೆ ಬಂದಳು. ತಾಯಿಯಿಲ್ಲದ ತಾಯಪ್ಪನನ್ನು ಸಾಕಿದವಳು ಅವಳೇ, ಅವನ ಮಗ ಆನಂದಕುಮಾರನನ್ನು ಎತ್ತಿ ಆಡಿಸಿದವಳೂ ಅವಳೇ. ಹಾಗಾಗಿ ಅವಳು ಊರಿಗೆ ಹೋಗುತ್ತೇನೆ ಎಂದರೆ ಆ ಮನೆಯ ತೊಲೆಯೇ ಎದ್ದು ಹೊರಟಂತೆ. ಆ ಬೆಳಿಗ್ಗೆ ಎಲ್ಲರೂ ಅರ್ಧ ರೊಟ್ಟಿ ಬಿಟ್ಟು ಎದ್ದರು.

ಗದಿಗೆಮ್ಮನ ರೊಟ್ಟಿಯಿಂದಲೇ ಆ ಮನೆಗೆ ಗಲ್ಲಿಯಲ್ಲಿ ಹೆಸರು. ಹಿಂದೆಲ್ಲ ಸಂಜೆಯಾದರೆ ಪಡಸಾಲೆಯ ಕಟ್ಟೆಯ ಮೇಲೆ ಗ್ಯಾಸಿನ ಒಲೆ ಇಟ್ಟು ಅವಳು, ಗುರುದೇವಿ ಎದುರುಬದುರು ಕೂರುತ್ತಿದ್ದರು. ರಿಟೈರಾದ ಕಂಡಕ್ಟರು, ಹಾಸ್ಟೆಲ್ ಹುಡುಗಿಯರು, ಸಕ್ಕರೆ ಕಾಯಿಲೆಯ ಮಾರ್ವಾಡಿ ಅಜ್ಜ ರೊಟ್ಟಿ ಕೊಳ್ಳಲು ಬಂದು ನಿಲ್ಲುವರು. ಗದಿಗೆಮ್ಮ ಅರೆಬರೆ ತೆಲುಗು, ಅರೆಬರೆ ಹಿಂದಿಯಲ್ಲಿ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುವಳು: ನಿನ್ನೆಯವು ಹೇಗಿದ್ದವು? ಕಂಡಕ್ಟರು ದಿನಾ ಏನಾದರೂ ಹುಳುಕು ತೆಗೆಯುತ್ತಿದ್ದ, ದಪ್ಪ ಅನ್ನುತ್ತಿದ್ದ, ಉಪ್ಪು ಅನ್ನುತ್ತಿದ್ದ. ಅವಳು ಅವನನ್ನು ಚೆನ್ನಾಗಿ ಬಯ್ದು ಮರುದಿನ ತೆಳ್ಳಗೆ ಬಡಿದು ಕೊಡುತ್ತಿದ್ದಳು. ಬಯ್ಯುವುದಕ್ಕೂ ಬಯ್ಯಿಸಿಕೊಳ್ಳುವುದಕ್ಕೂ ಅಲ್ಲಿ ಕೊರತೆ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಆನಂದಕುಮಾರ ಒಂದು ಒಳ್ಳೆಯ ಸುದ್ದಿ ತಂದ. ಅವನು ಮಾದಾಪುರದ ಆಫೀಸೊಂದರಲ್ಲಿ ಟೀಮ್ ಲೀಡರು. ಗಿರಾಕಿಗಳ ದೂರನ್ನು ಫೋನಿನಲ್ಲಿ ಕೇಳಿ ಸಮಾಧಾನ ಮಾಡುವ ಹುಡುಗ ಹುಡುಗಿಯರು ಅವನ ಕೈಕೆಳಗೆ. ಅಲ್ಲೇ ಹತ್ತಿರ ಮೋಹನ ಎಂಬ ಮೈಸೂರಿನವನು ಕನ್ನಡದ ಹುಡುಗರಿಗಾಗಿ ಮೆಸ್ ನಡೆಸುತ್ತಿದ್ದ. ರಾತ್ರಿ ಊಟಕ್ಕೆ ದಿನಾ ಅವನಿಗೆ ರೊಟ್ಟಿ ಬೇಕು, ಎಷ್ಟು ಬಡಿದರೂ ತಗೊಳ್ಳುತ್ತಾನೆ ಎಂದ ಆನಂದ. ಕಟ್ಟೆ ವ್ಯಾಪಾರ ನಿಂತಿತು. ಮಧ್ಯಾಹ್ನ ಬಡಿಯುವುದು, ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯುವುದು, ಸಂಜೆ ಆಗುವ ಮೊದಲೇ ಆಟೋಕ್ಕೆ ಹಾಕುವುದು. ನೊಣವಿಲ್ಲ, ಚಿಲ್ಲರೆ ಜಗಳವಿಲ್ಲ, ಕಂಡಕ್ಟರನ ಕೊಂಕಿಲ್ಲ. ಮನೆಗೆ ಫ್ರಿಜ್ ಬಂತು. ಗದಿಗೆಮ್ಮನಿಗೆ ಇಲಕಲ್ ಸೀರೆ ಬಂತು. ರೊಕ್ಕ ಬೇಡ ಅನ್ನುವಷ್ಟು ದೊಡ್ಡ ಮನುಷ್ಯಳೇನೂ ಅವಳಲ್ಲ, ಸೀರೆ ಉಟ್ಟು ಗಲ್ಲಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಾಡಿ ಬಂದಳು. ಆಮೇಲೆ ದಿನದಿಂದ ದಿನಕ್ಕೆ ಮಾತು ಕಡಿಮೆಯಾಯಿತು. ಈಗ ಊರಿನ ಮಾತು.

ಮೊದಲ ವಾರ ತಾಯಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಕೈ ಹಿಡಿದು ಎಲ್ಲ ಬೆರಳು ಮಡಿಸಿ ನೋಡಿ, ಈ ಕೈಗೆ ಏನೂ ಆಗಿಲ್ಲ ಎಂದರು. ಗದಿಗೆಮ್ಮ ದಾರಿಯುದ್ದಕ್ಕೂ ಡಾಕ್ಟರಿಗೇನು ಗೊತ್ತು ಎಂದು ಗೊಣಗುತ್ತ ಬಂದಳು. ಅಂದೇ ಒಂದು ಬಟ್ಟೆಯ ಚೀಲ ತೆಗೆದು ಎರಡು ಹಳೆಯ ಸೀರೆ ಮಡಿಸಿಟ್ಟು ಪಡಸಾಲೆಯ ಗೂಟಕ್ಕೆ ತೂಗುಹಾಕಿದಳು. ಬಾಗಿಲಿಗೆ ಹೋಗುವವರು ಬರುವವರೆಲ್ಲ ಅದಕ್ಕೆ ತಲೆ ತಾಗಿಸಿಕೊಂಡೇ ಓಡಾಡಬೇಕಾಯಿತು.

ಎರಡನೆಯ ವಾರ ಆನಂದನ ಸರದಿ. ಅವನ ಆಫೀಸಿನಲ್ಲಿ ಆಗಷ್ಟೇ ಒಂದು ಟ್ರೇನಿಂಗ್ ನಡೆದಿತ್ತು: ಕೆಲಸದವರಿಗೆ ಹುರುಪು ಬರುವಂತೆ ಮಾಡುವುದು ಹೇಗೆ ಅಂತ. ಅಲ್ಲಿ ಕಲಿತದ್ದನ್ನು ಅವನು ಅತ್ತೆಯ ಮೇಲೆ ಪ್ರಯೋಗಿಸಲು ಶುರುಮಾಡಿದ. ಅವಳ ತಿಂಗಳ ಹಣ ಏರಿಸಿದ. ರೊಟ್ಟಿ ಒತ್ತುವ ಮಷೀನಿನ ವಿಡಿಯೋ ತೋರಿಸಿದ. ಅವಳು ಕಡೆಯವರೆಗೂ ನೋಡಿ, ಹಂಗಾದ್ರ ಇದನ್ನ ತರ್ರಿ, ನಾನಂತೂ ಹೊಂಟೀನಿ ಎಂದಳು. ಅವನು ದಿನಾ ರಾತ್ರಿ ಬಂದು ಶೂ ಬಿಚ್ಚುತ್ತ, "ಎಲ್ಲಾರೂ ಸೂಪರ್ ಅಂದ್ರು ಅತ್ತಿ," ಎಂದು ಹೇಳುವುದಂತೂ ಮೊದಲಿನಿಂದಲೇ ನಡೆದಿತ್ತು. ಈಗ ಸೂಪರ್ ಹೋಗಿ ಸೂಪರೋ ಸೂಪರ್ ಆಯಿತು.

ಕೊನೆಗೆ ಒಂದು ಗುರುವಾರ ಅವನು ಗದಿಗೆಮ್ಮನ ದೊಡ್ಡ ಫೋಟೋ ಮಾಡಿಸಿ, ಕೆಳಗೆ 'ತಿಂಗಳ ಉತ್ತಮ ಕೆಲಸಗಾರ್ತಿ' ಎಂದು ಬಣ್ಣದ ಅಕ್ಷರ ಹಾಕಿಸಿ, ಗಾಜಿನ ಚೌಕಟ್ಟು ಕಟ್ಟಿಸಿ ತಂದ. ಪಡಸಾಲೆಯ ಗೋಡೆಯಲ್ಲಿ ಖಾಲಿ ಇದ್ದದ್ದು ಒಂದೇ ಮೊಳೆ, ಅದು ಶಾಂತಪ್ಪನ ಫೋಟೋದ ಪಕ್ಕದಲ್ಲಿತ್ತು. ಅಲ್ಲೇ ಹಾಕಿದ. ಮರುದಿನ ಶುಕ್ರವಾರ. ಗುರುದೇವಿ ಬೆಳಿಗ್ಗೆ ಅರೆನಿದ್ದೆಯಲ್ಲಿ ದೇವರಿಗೆ ಹೂವೇರಿಸಿ, ರೂಢಿಯ ಪ್ರಕಾರ ಗೋಡೆಯ ಫೋಟೋಗಳಿಗೂ ವಿಭೂತಿ ಹಚ್ಚಿ ಸೇವಂತಿಗೆ ಮಾಲೆ ಹಾಕುತ್ತ ಹೋದಳು. ಸ್ನಾನ ಮುಗಿಸಿ ಬಂದ ಗದಿಗೆಮ್ಮ ನೋಡುತ್ತಾಳೆ, ಗಂಡನ ಪಕ್ಕದಲ್ಲಿ ತಾನೂ ಮಾಲೆ ಹಾಕಿಸಿಕೊಂಡು ಕೂತಿದ್ದಾಳೆ. ಎದುರಿಗೆ ಊದಿನಕಡ್ಡಿ ಬೇರೆ ಹೊಗೆಯಾಡುತ್ತಿದೆ.

"ಊರಿಗೆ ಹೋಗೂತನಕನರ ತಡೀಬಾರ್ದೇನವಾ," ಎಂದಳು.

ಗುರುದೇವಿ ನಾಲಗೆ ಕಚ್ಚಿಕೊಂಡು ಮಾಲೆ ತೆಗೆದಳು. ನಗುವುದೋ ಅಳುವುದೋ ತಿಳಿಯದೆ ಗದಿಗೆಮ್ಮನ ಕೈ ಹಿಡಿದುಕೊಂಡು ತಪ್ಪಾತು ಯಕ್ಕಾ ಎಂದಳು. ಹಲ್ಲುಜ್ಜುತ್ತಿದ್ದ ತಾಯಪ್ಪನಿಗೆ ನಗು ಬಂದು ಪೇಸ್ಟು ನೆತ್ತಿಗೇರಿತು. ಆನಂದ ಮಾತ್ರ ಪೆಚ್ಚಾಗಿ ಫೋಟೋ ಇಳಿಸಿ ಮಂಚದ ಕೆಳಗೆ ಸರಿಸಿದ.

ಆ ಸಂಜೆ ಊಟಕ್ಕೆ ಕೂತಾಗ ಜಗಳ ಎದ್ದಿತು. ತಾಯಪ್ಪ, ಹುಡುಗ ಇಷ್ಟೆಲ್ಲ ಮಾಡುತ್ತಿದ್ದಾನೆ, ಕೈತುಂಬ ಕೊಡುತ್ತಿದ್ದಾನೆ, ಅಕ್ಕನಿಗೆ ಇನ್ನೇನು ಬೇಕಂತೆ ಎಂದು ಗಟ್ಟಿಯಾಗಿ ಕೇಳಿದ. ಗುರುದೇವಿ ಸಾರಿನ ಸೌಟು ಕೆಳಗಿಟ್ಟಳು.

"ಮೆಟ್ರೋ ಕೆಳಗ ಹಾದು ಹೋದಾಗೊಮ್ಮೆ ಕಂಬ ತೋರಿಸಿ, ಇದಕ್ಕ ನಾನ ಕಾಂಕ್ರೀಟ್ ಹಾಕೀನಿ ಅಂತೀರಿ. ಆ ಕಂಬ ನಿಮಗ ಈಗೂ ಪಗಾರ ಕೊಡತೈತೇನು?"

ತಾಯಪ್ಪ ಮಗನ ಕಡೆ ನೋಡಿದ. ಆನಂದ, ತಮ್ಮ ಆಫೀಸಿನಲ್ಲಿ ಹೀಗೆ ಫೋಟೋ ಹಾಕಿದರೆ ಜನ ಖುಷಿಯಾಗುತ್ತಾರೆ ಎಂದ. ಸುವರ್ಣಾ ಅವನ ಹೆಂಡತಿ, ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಬಂದವರನ್ನು ವಿಚಾರಿಸಿ ಕೂರಿಸುವ ಕೆಲಸ ಅವಳದು. ದಿನಾ ನೂರಾರು ತಂದೆತಾಯಿಗಳ ಮುಖ ನೋಡುವವಳಿಗೆ ಯಾರ ಮಾತು ಟೊಳ್ಳು ಅನ್ನುವುದು ಬೇಗ ತಿಳಿಯುತ್ತದೆ. ಹಾಗಾದರೆ ನಿಮ್ಮ ಟೀಮಿನಿಂದ ತಿಂಗಳಿಗಿಬ್ಬರು ಬಿಟ್ಟು ಹೋಗುವುದು ಯಾಕೆ ಎಂದು ಅವಳು ಕೇಳಿದಳು. ಆನಂದ ಉಪ್ಪಿನಕಾಯಿ ನೆಕ್ಕಿದ.

ಆಷಾಢದ ಬೋನಾಲು, ಅಲ್ಲಿನವರು ಅಮ್ಮನವರಿಗೆ ಎಡೆ ಒಯ್ಯುವ ಹಬ್ಬ, ನಡೆದಿತ್ತು. ಆ ಭಾನುವಾರ ಗಲ್ಲಿಯಲ್ಲಿ ಡಪ್ಪಿನ ಸದ್ದು. ತಲೆಯ ಮೇಲೆ ಬೋನದ ಗಡಿಗೆ ಹೊತ್ತ ಹೆಂಗಸರು ಸಾಲಾಗಿ ಹೋಗುತ್ತಿದ್ದರು. ಎಲ್ಲರೂ ಬಾಗಿಲಿಗೆ ಬಂದು ನಿಂತಾಗ ಗದಿಗೆಮ್ಮ ಮಾತ್ರ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಸುವರ್ಣಾ ಹೋಗಿ ಪಕ್ಕದಲ್ಲಿ ಕೂತು ತೊಳೆಯಲು ಕೈ ಹಾಕಿದಳು. ಡಬ್ಬಿಯ ಮುಚ್ಚಳಗಳು ರಾಶಿ ಬಿದ್ದಿದ್ದವು. ಸ್ವಲ್ಪ ಹೊತ್ತಾದ ಮೇಲೆ, "ದೊಡ್ಡತ್ತಿ, ಯಾರರ ಏನರ ಅಂದ್ರೇನ್ರಿ?" ಎಂದು ಕೇಳಿದಳು.

"ಯಾರೂ ಏನೂ ಅನವಲ್ರು. ಅದ ನೋಡು."

ಸುವರ್ಣಾ ಇನ್ನೊಂದು ಮುಚ್ಚಳ ಎತ್ತಿಕೊಂಡಳು.

"ಐದಾರು ತಿಂಗಳಾತು. ದಿನಾ ಬರತಾನ, ದಿನಾ ಸೂಪರ್ ಅಂತಾನ. ಮಂದಿ ಉಂಡ್ರ ಒಂದ ದಿನಾನರ ಕೊಂಕು ತೆಗೀತಾರವಾ. ಉಪ್ಪು ಅಂತಾರ, ಸೀದೈತಿ ಅಂತಾರ. ಕೊಂಕ ಇಲ್ಲಂದ್ರ ಯಾರೂ ತಿಂದಿಲ್ಲ ಅಂತನ ಅರ್ಥ. ನಾ ಬಡದದ್ದು ಎಲ್ಲಿಗೆ ಹೋಗತೈತಿ, ಯಾರ ಹೊಟ್ಟಿಗೆ ಬೀಳತೈತಿ, ನನಗ ಗೊತ್ತಿಲ್ಲ. ಊರಾಗ ಮೈದುನನ ಮೊಮ್ಮಕ್ಕಳಾರ ಎದುರಿಗೆ ಕುಂತು ತಿಂತಾವ."

ಸುವರ್ಣಾಳಿಗೆ ನಾಚಿಕೆಯಾಯಿತು, ಯಾಕೆಂದರೆ ಎದ್ದರೆ ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಅವಳೂ ಎಷ್ಟೋ ತಿಂಗಳಿಂದ ರೊಟ್ಟಿ ಹೇಗಿದೆ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಾಳೆ ನಾನು ರಜ ಹಾಕುತ್ತೇನೆ, ಯಾರು ತಿನ್ನುತ್ತಾರೆ ನೋಡಿಕೊಂಡು ಬರೋಣ ನಡೆಯಿರಿ ಎಂದಳು.

ಹೀಗೆ ಸೋಮವಾರ ಸಂಜೆ ಗದಿಗೆಮ್ಮ ಇಲಕಲ್ ಸೀರೆ ಉಟ್ಟು ಮೊದಲ ಸಲ ಮೆಟ್ರೋ ಹತ್ತಿದಳು. ತಮ್ಮ ಹಾಕಿದ ಕಂಬಗಳು ಇವೇ ಏನು, ಅಲುಗಾಡುತ್ತಾವೇನು ಎಂದು ಎರಡು ಸಲ ಕೇಳಿ, ಸುವರ್ಣಾಳ ತೋಳು ಬಿಗಿಯಾಗಿ ಹಿಡಿದು ಕೂತಳು. ಸಿಕಂದರಾಬಾದ್ ದಾಟುವ ಹೊತ್ತಿಗೆ ಕೈ ಸಡಿಲಾಯಿತು. ಅಮೀರ್‌ಪೇಟೆಯಲ್ಲಿ ಜನ ನುಗ್ಗಿದಾಗ ಒಬ್ಬ ಹುಡುಗಿಗೆ ಜಾಗ ಸರಿಸಿ ಕೊಟ್ಟು, ನಿನ್ನ ಊಟ ಆತೇನು ಎಂದು ತೆಲುಗಿನಲ್ಲಿ ವಿಚಾರಿಸಿದಳು. ಮಾದಾಪುರದಲ್ಲಿ ಇಳಿದರೆ ಆನಂದ ಸ್ಟೇಷನ್ನಿನ ಕೆಳಗೆ ಕಾಯುತ್ತಿದ್ದ. ಸುವರ್ಣಾ ಫೋನು ಮಾಡಿ ಹೇಳಿದಾಗಿನಿಂದ ಅವನ ಮುಖದಲ್ಲಿ ಕಳೆ ಇರಲಿಲ್ಲ. ಮೆಸ್ಸಿನಲ್ಲಿ ಈ ಹೊತ್ತು ಬಹಳ ಗದ್ದಲ, ಇನ್ನೊಂದು ದಿನ ಬರಬಹುದಿತ್ತು ಎಂದ. ಗದ್ದಲ ಇದ್ದರೇ ಚಲೋ ಎಂದಳು ಗದಿಗೆಮ್ಮ.

ಮೆಸ್ಸು ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಉದ್ದ ಬೆಂಚುಗಳು, ಕೊರಳಿಗೆ ಆಫೀಸಿನ ಪಟ್ಟಿ ಇಳಿಬಿಟ್ಟ ಹುಡುಗ ಹುಡುಗಿಯರು, ಒಂದು ಕೈಯಲ್ಲಿ ಫೋನು. ಗದಿಗೆಮ್ಮ ಬಾಗಿಲಲ್ಲೇ ನಿಂತು ತಟ್ಟೆಗಳನ್ನು ನೋಡಿದಳು. ಅನ್ನ ಖಾಲಿಯಾಗಿತ್ತು, ಸಾಂಬಾರು ಖಾಲಿಯಾಗಿತ್ತು. ಹಲವು ತಟ್ಟೆಗಳ ಅಂಚಿನಲ್ಲಿ ಅವಳ ರೊಟ್ಟಿ ಅರ್ಧರ್ಧ ಉಳಿದಿತ್ತು. ಕೈ ತೊಳೆಯುವಲ್ಲಿ ಇಟ್ಟ ಬಕೆಟ್ಟಿನಲ್ಲಿ ಇನ್ನಷ್ಟು. ಆನಂದ ತಲೆ ತಗ್ಗಿಸಿದ. ಇನ್ನೇನು ಅತ್ತೆ ಅತ್ತು ಹೊರಗೆ ಹೋಗುತ್ತಾಳೆ, ನಾಳೆಯೇ ಬಸ್ಸು ಹತ್ತುತ್ತಾಳೆ ಎಂದುಕೊಂಡ.

ಅವಳು ಹೊರಗೆ ಹೋಗಲಿಲ್ಲ. ಸೀದಾ ಒಂದು ಬೆಂಚಿಗೆ ಹೋಗಿ, ರೊಟ್ಟಿ ಬಿಟ್ಟಿದ್ದ ಹುಡುಗಿಯ ಎದುರಿಗೆ ಕೂತಳು. ಆ ಹುಡುಗಿಯ ಹೆಸರು ಸಿಂಚನಾ, ಮೈಸೂರಿನವಳು.

"ಯಾಕ ಬಿಟ್ಟಿ ತಂಗಿ? ನಾನ ಬಡದದ್ದು ಅದು."

ಸಿಂಚನಾಗೆ ಗಾಬರಿಯಾಯಿತು. ಸುಳ್ಳು ಹೇಳಲು ಬಾಯಿ ತೆರೆದವಳು ಎದುರಿನ ಮುಖ ನೋಡಿ ನಿಜ ಹೇಳಿದಳು. "ರುಚಿ ಚೆನ್ನಾಗೇ ಇರುತ್ತೆ ಅಜ್ಜಿ. ಆದ್ರೆ ಒಂದಕ್ಕೊಂದು ಅಂಟ್ಕೊಂಡಿರುತ್ತೆ. ಬಿಡಿಸೋಕೆ ಹೋದ್ರೆ ಹಿಟ್ಟು ಕೈಗೆ ಬರುತ್ತೆ."

ಪಕ್ಕದ ಹುಡುಗನೊಬ್ಬ ಧೈರ್ಯ ತಂದುಕೊಂಡು, ಮೇಲಿನ ರೊಟ್ಟಿ ಒದ್ದೆ, ಅಡಿಯದು ಚರ್ಮದ ಹಾಗೆ ಎಂದ. ಕಲಬುರಗಿಯ ಇನ್ನೊಬ್ಬ, ನಮ್ಮವ್ವ ಮಾಡಿದ ರೊಟ್ಟಿ ಹಿಂಗ ಇರಂಗಿಲ್ರಿ ಎಂದುಬಿಟ್ಟ. ಗದಿಗೆಮ್ಮ ಡಬ್ಬಿ ತರಿಸಿ ಮುಚ್ಚಳ ತೆಗೆದಳು. ಒಳಗಿನಿಂದ ನೀರು ತೊಟ್ಟಿಕ್ಕಿತು. ಒಂದು ಚೂರು ಬಾಯಿಗಿಟ್ಟುಕೊಂಡು ಮುಖ ಹಿಂಡಿದಳು. ಬಿಸಿ ರೊಟ್ಟಿಗೆ ಮುಚ್ಚಳ ಬಿಗಿದರೆ ಬೆವರುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ತಿನ್ನುವವರೇ ಕಣ್ಣಿಗೆ ಬೀಳದ ಮೇಲೆ ಯಾರಿಗಾಗಿ ಹೇಳುವುದೆಂದು ಸುಮ್ಮನಿದ್ದಳು. ಗುರುದೇವಿಗೂ ಗೊತ್ತಿತ್ತು, ಅವಳೂ ಸುಮ್ಮನಿದ್ದಳು.

ಮೋಹನ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದ. ವಿಷಯ ತಿಳಿದು ಅವನಿಗೆ ಆಶ್ಚರ್ಯ. "ಇದನ್ನ ನಾನು ಆನಂದ್‌ಗೆ ಎಷ್ಟೋ ಸಲ ಮೆಸೇಜ್ ಹಾಕಿದೀನಲ್ಲಮ್ಮ. ಅವರು ನಿಮಗೆ ಹೇಳಲಿಲ್ವಾ?"

ಸುವರ್ಣಾ ಗಂಡನ ಕಡೆ ನೋಡಿದಳು. ಗದಿಗೆಮ್ಮ ನೋಡಲಿಲ್ಲ. ಅವಳು ಎದ್ದು ಮುಂದಿನ ಬೆಂಚಿಗೆ ಹೋದಳು, ಅಲ್ಲಿಂದ ಅದರ ಮುಂದಿನದಕ್ಕೆ. ಯಾರಿಗೆ ತೆಳ್ಳಗೆ ಬೇಕು, ಯಾರಿಗೆ ಎಳ್ಳು ಹಚ್ಚಿದ ಖಡಕ್ ರೊಟ್ಟಿ ಬೇಕು, ಯಾರ ಹಲ್ಲು ನೋಯುತ್ತದೆ, ಯಾರ ಅವ್ವ ಯಾವ ಊರಿನವಳು ಎಂದು ಕೇಳುತ್ತ ಹೋದಳು. ಹುಡುಗರು ಫೋನು ಕೆಳಗಿಟ್ಟಿದ್ದರು. ಹೊರಡುವಾಗ ಅವಳ ಮುಖ ನೋಡಿದ ಸುವರ್ಣಾಳಿಗೆ ತುಂಬ ಸಂತೋಷವಾಯಿತು. ಇಷ್ಟೊಂದು ಬಯ್ಯಿಸಿಕೊಂಡು ಇಷ್ಟು ಗೆಲುವಾದವರನ್ನು ಅವಳು ಹಿಂದೆ ಕಂಡಿರಲಿಲ್ಲ.

ಆನಂದನಿಗೆ ಬಯ್ಗುಳದ ಸರದಿ ಮೆಟ್ರೋದಲ್ಲಿ ಬಂತು. "ದಿನಾ ಮಂದಿ ದೂರು ಕೇಳಿ ಪಗಾರ ತಗೋತಿ. ನನಗ ಬಂದ ದೂರು ಯಾಕ ನುಂಗಿದಿ?"

"ನಿನಗ ಬ್ಯಾಸರ ಆಗಬಾರ್ದಂತ, ಅತ್ತಿ. ಕೆಲಸದವರಿಗೆ ಚಲೋದಷ್ಟ ಹೇಳಬೇಕು ಅಂತ ಕಲಿಸ್ಯಾರ."

"ನಿನಗ ಹಂಗ ಹೇಳ್ತಾರೇನು?"

ಆನಂದ ಕಿಟಕಿಯಾಚೆ ನೋಡಿದ. "ಹೇಳ್ತಾರ. ದಿನಾ ಗುಡ್ ಜಾಬ್ ಅಂತಾರ. ನಾ ಏನ್ ಮಾಡೀನಿ ಅಂತ ಯಾರರ ನೋಡ್ಯಾರೋ ಇಲ್ಲೋ, ದೇವರಿಗೇ ಗೊತ್ತು."

ಗದಿಗೆಮ್ಮ ಅವನ ತಲೆ ಸವರಿದಳು. ಜನ ನೋಡುತ್ತಾರೆಂದು ಅವನು ಸರಿಯಲಿಲ್ಲ. ಉಪ್ಪಲ್ ಬರುವವರೆಗೂ ಹಾಗೇ ಕೂತಿದ್ದ.

ಮರುದಿನ ಮಧ್ಯಾಹ್ನ ಗದಿಗೆಮ್ಮ ಗೂಟದ ಚೀಲ ಇಳಿಸಿದಳು. ಗುರುದೇವಿ ಒಲೆಯ ಮುಂದಿನಿಂದ ಎದ್ದು ಬಂದಳು. ಆದರೆ ಗದಿಗೆಮ್ಮ ಅದರೊಳಗಿನಿಂದ ಹಳೆಯ ನೂಲಿನ ಸೀರೆಯೊಂದನ್ನು ತೆಗೆದು ಹರಿದು ಎರಡು ಮಾಡಿದಳು. ಒಂದನ್ನು ಹಾಸಿ, ಬಡಿದ ರೊಟ್ಟಿ ಅದರ ಮೇಲೆ ಹರವಿ ಆರಿಸಿ, ಇನ್ನೊಂದನ್ನು ಬಿದಿರಿನ ಬುಟ್ಟಿಗೆ ಹಾಕಿ ಅದರಲ್ಲಿ ಸುತ್ತಿ ಕಳಿಸಿದಳು. ಬೇಕೆಂದವರಿಗೆ ಖಡಕ್ ರೊಟ್ಟಿ ಬೇರೆ. ಎದುರುಬದುರು ಕೂತು ಬಡಿಯುವಾಗ ಇಬ್ಬರಿಗೂ ಮಾತು ತಿರುಗಿ ಬಂದಿತ್ತು. ಕಲಬುರಗಿಯ ಹುಡುಗನ ಅವ್ವನಿಗಿಂತ ಚೆನ್ನಾಗಿ ಬಡಿದು ತೋರಿಸಬೇಕೆಂದು ಗದಿಗೆಮ್ಮನಿಗೆ ಹಟ. ಬುಟ್ಟಿ ಹೋದ ಮೇಲೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಒಲೆ ಹಚ್ಚಿದಳು. ಮೂರನೆಯ ದಿನ ಕಂಡಕ್ಟರು ವಾಸನೆ ಹಿಡಿದು ಬಂದ, ಬಂದವನೇ ಇಷ್ಟು ದಿನ ಎಲ್ಲಿ ಸತ್ತಿದ್ದಿರಿ ಎಂದು ಜಗಳ ತೆಗೆದ.

ಆದರೂ ಅರ್ಧ ಖಾಲಿಯಾದ ಚೀಲ ಗೂಟಕ್ಕೇ ಮರಳಿತ್ತು. ಊರಿನ ವಿಷಯ ಅವಳೂ ಎತ್ತಲಿಲ್ಲ, ಕೇಳಲು ಯಾರಿಗೂ ಧೈರ್ಯವಾಗಲಿಲ್ಲ. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ತಾಯಪ್ಪ ದಿನಾ ಕೆಲಸದಿಂದ ಬಂದವನು ಮೊದಲು ಗೂಟ ನೋಡಿ ಆಮೇಲೆ ಚಪ್ಪಲಿ ಬಿಡುತ್ತಿದ್ದ. ಆನಂದನದು ಬೇರೆ ಪಾಡು. ರೂಢಿ ಎಲ್ಲಿ ಬಿಡುತ್ತದೆ, ಎರಡು ದಿನ ಬಾಗಿಲಲ್ಲಿ ಸೂಪರ್ ಅನ್ನಲು ಹೋಗಿ ಸುವರ್ಣಾಳ ಕಣ್ಣಿಗೆ ಹೆದರಿ ನುಂಗಿಕೊಂಡ.

ಅಮಾವಾಸ್ಯೆಯ ಹಿಂದಿನ ದಿನ ಎಲ್ಲರೂ ಊಟಕ್ಕೆ ಕೂತಿದ್ದರು. ಎಣಗಾಯಿ ಪಲ್ಯದ ಘಮ ಮನೆತುಂಬ ಇತ್ತು. ಆನಂದ ಬಂದು ಕೈಕಾಲು ತೊಳೆದು ಅತ್ತೆಯ ಎದುರಿಗೆ ಕೂತ. ಫೋನು ತೆಗೆದ, ಮತ್ತೆ ಜೇಬಿಗಿಟ್ಟ.

"ಅತ್ತಿ, ಇವತ್ತ ಒಂದ್ ರೊಟ್ಟಿ ಸೀದಿತ್ತಂತ. ಎಳ್ಳೂ ಜಾಸ್ತಿ ಆಗಿದ್ವಂತ."

ತಾಯಪ್ಪ ಅಗಿಯುವುದನ್ನು ನಿಲ್ಲಿಸಿದ. ಗುರುದೇವಿ ಗದಿಗೆಮ್ಮನನ್ನೇ ನೋಡಿದಳು. ಗದಿಗೆಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಎಳೆದು, ಆಮೇಲೆ ಕೇಳಿದಳು.

"ಯಾರಂದ್ರು?"

"ಸಿಂಚನಾ."

"ಸೀದದ್ದೂ ತಿಂದಳೇನು?"

"ಪೂರಾ ತಿಂದಾಳಂತ. ತಿಂದ ಮ್ಯಾಲ ಅಂದಾಳ."

ಗದಿಗೆಮ್ಮನ ಮುಖ ಅರಳಿತು. ಆ ಹುಡುಗಿಗೆ ಭಾಳ ಬಾಯಿ ಐತಿ ಎಂದು ಪ್ರೀತಿಯಿಂದ ಬಯ್ದಳು. ಉಬ್ಬಿದ ರೊಟ್ಟಿಯನ್ನು ಎತ್ತಿ ಆನಂದನ ತಟ್ಟೆಗೆ ಹಾಕಿ, ಅವನು ತುತ್ತು ಮುರಿದು ಬಾಯಿಗಿಡುವವರೆಗೂ ನೋಡುತ್ತ ಕೂತಳು.

"ಇದು ಹೆಂಗೈತಿ?"

ಆನಂದ ನಿಧಾನವಾಗಿ ಅಗಿದ. ನಾಲ್ಕು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. "ಉಪ್ಪು ಸ್ವಲ್ಪ ಕಮ್ಮಿ," ಎಂದ.

"ನಾಳಿಂದ ಹಾಕ್ತೀನಿ," ಎಂದು ಗದಿಗೆಮ್ಮ ಇನ್ನೊಂದು ಉಂಡಿ ಹಿಟ್ಟು ತೆಗೆದುಕೊಂಡಳು.

ಶ್ರಾವಣದ ಮೊದಲ ದಿನ ತಾಯಪ್ಪ ಕೆಲಸದಿಂದ ಬಂದು ನೋಡಿದರೆ ಗೂಟದ ಮೇಲೆ ಚೀಲ ಇರಲಿಲ್ಲ. ಚಪ್ಪಲಿ ಕಾಲಲ್ಲೇ ಒಳಗೆ ಓಡಿದ. ಅಡುಗೆಮನೆಯ ಮೂಲೆಯಲ್ಲಿ ಚೀಲ ಕೂತಿತ್ತು, ಬಾಯಿತುಂಬ ಉಳ್ಳಾಗಡ್ಡಿ ತುಂಬಿಕೊಂಡು.